ಮಾವನ ರಾಜದೂತ್ 350 ಮನೆಗೆ ಬಂದಿದೆ, ಇದರ ಕಥೆ ಗೊತ್ತಿರುವವರು ಹೇಳಿ

ಮೂಡಿಗೆರೆ_ಹುಡುಗ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಾ ಇದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನಮ್ಮ ಸೋದರಮಾವ ಹೋದ ವರ್ಷ ತೀರಿಕೊಂಡರು. ಅವರ ತೋಟದ ಗೋಡೌನಿನಲ್ಲಿ, ಕಾಫಿ ಮೂಟೆಗಳ ಹಿಂದೆ, ಒಂದು ಗಾಡಿ ಇಪ್ಪತ್ತು ವರ್ಷದಿಂದ ಟಾರ್ಪಾಲು ಹೊದ್ದುಕೊಂಡು ನಿಂತಿತ್ತು. ಮೊನ್ನೆ ಅತ್ತೆ ಕರೆದು, "ಅದನ್ನು ಮಾರೋಕೆ ಅವರಿಗೆ ಮನಸ್ಸು ಬರಲಿಲ್ಲ, ನನಗೂ ಬರಲ್ಲ. ನೀನೇ ತಗೊಂಡು ಹೋಗಪ್ಪಾ" ಅಂದರು. ಜೀಪಿನ ಟ್ರೈಲರ್‌ಗೆ ಹಾಕಿಕೊಂಡು ಮನೆಗೆ ತಂದಿದ್ದೇನೆ.

ಆರ್‌ಸಿ ಪುಸ್ತಕದಲ್ಲಿ ರಾಜದೂತ್ 350, 1984ರ ಮಾಡೆಲ್ ಅಂತ ಇದೆ. ನಮ್ಮೂರ ಮೇಸ್ತ್ರಿ ನೋಡಿದ ಕೂಡಲೇ "ಇದು ಯಮಹಾ ಆರ್‌ಡಿ ಅಲ್ವಾ!" ಅಂದರು. ಇನ್ನೊಬ್ಬರು ಬಂದು "ಎಚ್‌ಟಿನಾ, ಎಲ್‌ಟಿನಾ?" ಅಂತ ಕೇಳಿದರು. ನನಗೆ ಎರಡೂ ಗೊತ್ತಿಲ್ಲ. ಇದು ಜಪಾನಿನ ಗಾಡಿಯಾ, ನಮ್ಮ ದೇಶದ ಗಾಡಿಯಾ? ಇಷ್ಟು ಒಳ್ಳೆಯ ಗಾಡಿ ಆಗಿದ್ದರೆ ಯಾಕೆ ನಿಂತುಹೋಯಿತು?

ಇನ್ನೊಂದು ವಿಷಯ. ಮಾವ ಈ ಗಾಡಿಯಲ್ಲಿ ಹೊರಟರೆ ಅಂಗಿ ಜೇಬಿನಲ್ಲಿ ಎರಡು ಪ್ಲಗ್ ಇರಲೇಬೇಕಿತ್ತು. ಬಲಗಡೆ ಪ್ಲಗ್ ಮಾತ್ರ ಪದೇ ಪದೇ ಕಪ್ಪಾಗುತ್ತಿತ್ತು. ಎಡಗಡೆಯದು ಚೆನ್ನಾಗಿಯೇ ಇರುತ್ತಿತ್ತು. ಚಿಕ್ಕವನಿದ್ದಾಗ ಕೊಟ್ಟಿಗೆಹಾರದಲ್ಲಿ ಮಳೆಯಲ್ಲೇ ನಿಂತು ಅವರು ಪ್ಲಗ್ ಬದಲಾಯಿಸಿದ್ದು ನೆನಪಿದೆ. ನಾನು ಕೊಡೆ ಹಿಡಿದಿದ್ದೆ.

ಎರಡುಸ್ಟ್ರೋಕ್

ತಮ್ಮಾ, ಮೊದಲು ಒಂದು ಮಾತು. ದಯವಿಟ್ಟು ಕಿಕ್ಕರ್ ಹೊಡೆಯಬೇಡ. ಇಪ್ಪತ್ತು ವರ್ಷ ನಿಂತ ಗಾಡಿ ಅದು. ಎರಡೂ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಒಂದು ಚಮಚ 2ಟಿ ಆಯಿಲ್ ಬಿಟ್ಟು ಎರಡು ದಿನ ಹಾಗೇ ಬಿಡು. ಆಮೇಲೆ ಕೈಯಿಂದ ನಿಧಾನ ತಿರುಗಿಸಿ ನೋಡು.

ಈಗ ಕಥೆ. ಸ್ವಲ್ಪ ಉದ್ದ ಇದೆ, ಯಾಕೆಂದರೆ ಇದು ರಾಜದೂತ್ 350 ಬಂದ 1983ರಲ್ಲಿ ಶುರುವಾದ ಕಥೆ ಅಲ್ಲ.

ಜಪಾನಿನ ಹಮಾಮತ್ಸುವಿನಲ್ಲಿ ನಿಪ್ಪಾನ್ ಗಾಕ್ಕಿ ಅಂತ ಒಂದು ಕಂಪನಿ. ಟೊರಾಕುಸು ಯಮಹಾ ಎಂಬುವರು ಶುರು ಮಾಡಿದ್ದು. ಅವರ ಕೆಲಸ ಆರ್ಗನ್, ಪಿಯಾನೋ ಮಾಡುವುದು. ಯಮಹಾ ಗಾಡಿಯ ಟ್ಯಾಂಕಿನ ಮೇಲೆ ಮೂರು ಕಡ್ಡಿಗಳ ಗುರುತು ನೋಡಿದ್ದೀಯಲ್ಲ, ಅವು ಶ್ರುತಿ ಕವಲುಗಳು. ಯುದ್ಧದ ಕಾಲದಲ್ಲಿ ಅದೇ ಕಂಪನಿ ವಿಮಾನದ ಪ್ರೊಪೆಲ್ಲರ್ ಮಾಡುತ್ತಿತ್ತು. ಯುದ್ಧ ಮುಗಿದ ಮೇಲೆ ಆ ಮೆಷಿನ್‌ಗಳಿಗೆ ಏನಾದರೂ ಕೆಲಸ ಕೊಡಬೇಕಿತ್ತು. ಆಗ ಅಧ್ಯಕ್ಷರಾಗಿದ್ದ ಗೆನಿಚಿ ಕವಾಕಮಿ ಮೋಟರ್‌ಸೈಕಲ್ ಮಾಡೋಣ ಅಂದರು. 1955ರಲ್ಲಿ ಬಂದದ್ದು ವೈಎ-1. 125 ಸಿಸಿ, ಒಂದೇ ಸಿಲಿಂಡರಿನ ಟೂ ಸ್ಟ್ರೋಕ್. ಜರ್ಮನಿಯ ಡಿಕೆಡಬ್ಲ್ಯೂ ಆರ್‌ಟಿ 125 ಗಾಡಿಯನ್ನು ನೋಡಿ ಮಾಡಿದ್ದು. ಇಂಗ್ಲೆಂಡಿನ ಬಿಎಸ್‌ಎ ಬ್ಯಾಂಟಮ್ ಕೂಡ ಅದೇ ಗಾಡಿಯಿಂದ ಬಂದದ್ದೇ. ಆದರೆ ವೈಎ-1 ಬಂದ ವರ್ಷವೇ ಫ್ಯೂಜಿ ಬೆಟ್ಟ ಹತ್ತುವ ರೇಸ್‌ಗೆ ಹೋಗಿ ಗೆದ್ದು ಬಂತು. ಗಾಡಿ ಮಾಡು, ರೇಸ್‌ಗೆ ಕಳಿಸು, ಅಲ್ಲಿ ಕಲಿತದ್ದನ್ನು ರಸ್ತೆ ಗಾಡಿಗೆ ಹಾಕು. ಈ ಅಭ್ಯಾಸ ಅಂದಿನಿಂದಲೇ ಬಂತು. ನಿನ್ನ ಮಾವನ ಗಾಡಿ ಅರ್ಥ ಆಗಬೇಕಾದರೆ ಇದೊಂದು ನೆನಪಿಟ್ಟುಕೊಂಡರೆ ಸಾಕು.

1959ರಲ್ಲಿ 250 ಸಿಸಿ ಜೋಡಿ ಸಿಲಿಂಡರಿನ ವೈಡಿಎಸ್-1. ಆ ಕಾಲಕ್ಕೆ ಐದು ಗೇರ್! 1964ರಲ್ಲಿ ಆಟೋಲ್ಯೂಬ್. ಅದುವರೆಗೆ ಟೂ ಸ್ಟ್ರೋಕ್ ಅಂದರೆ ಪೆಟ್ರೋಲಿಗೆ ಆಯಿಲ್ ಕಲಸಿ ಹಾಕಬೇಕು. ಆಟೋಲ್ಯೂಬ್‌ನಲ್ಲಿ ಬೇರೆ ಟ್ಯಾಂಕಿನಿಂದ ಪಂಪ್ ಆಯಿಲ್ ಕೊಡುತ್ತದೆ. ಆಕ್ಸಿಲರೇಟರ್ ಎಷ್ಟು ತಿರುವಿದ್ದೀಯ, ಇಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ, ಎರಡನ್ನೂ ನೋಡಿ ಅಳೆದು ಕೊಡುತ್ತದೆ.

ಅದೇ 1964ರಲ್ಲಿ ಫಿಲ್ ರೀಡ್ 250 ಸಿಸಿ ವಿಶ್ವ ಚಾಂಪಿಯನ್ ಆದರು. ಯಮಹಾಕ್ಕೆ ಅದೇ ಮೊದಲ ವಿಶ್ವ ಪಟ್ಟ. ಆ ರೇಸ್ ಗಾಡಿಯ ಹೆಸರು ಆರ್‌ಡಿ 56. ಅಂದರೆ ರಸ್ತೆಯ ಆರ್‌ಡಿ ಬರುವ ಒಂಬತ್ತು ವರ್ಷ ಮುಂಚೆಯೇ ಆ ಎರಡು ಅಕ್ಷರ ಟ್ರ್ಯಾಕ್‌ನಲ್ಲಿ ಓಡಿತ್ತು.

ಮುಂದಿನದು ನಾಳೆ ಬರೆಯುತ್ತೇನೆ. ಊಟಕ್ಕೆ ಕರೆಯುತ್ತಿದ್ದಾರೆ.

ಹಮಾಮತ್ಸು_ಕನ್ನಡಿಗ

ಈ ಚರ್ಚೆ ನೋಡಿ ಸುಮ್ಮನೆ ಇರಲು ಆಗಲಿಲ್ಲ. ನಾನು ಕೆಲಸಕ್ಕೆ ಅಂತ ಬಂದು ಇದೇ ಊರಿನಲ್ಲಿ ಆರು ವರ್ಷದಿಂದ ಇದ್ದೇನೆ. ಸುಜುಕಿ ಕಂಪನಿಯ ಮುಖ್ಯ ಕಚೇರಿ ಇಲ್ಲೇ. ಸೊಯಿಚಿರೊ ಹೋಂಡಾ ಕೂಡ ಶುರು ಮಾಡಿದ್ದು ಇದೇ ಊರಿನಲ್ಲಿ. ಯಮಹಾ ಮೋಟರ್ ಪಕ್ಕದ ಇವಾಟಾದಲ್ಲಿದೆ. ಒಂದೇ ಜಿಲ್ಲೆಯಿಂದ ಮೂರು ಕಂಪನಿ.

ಇವಾಟಾದಲ್ಲಿ ಅವರ ಕಮ್ಯುನಿಕೇಷನ್ ಪ್ಲಾಜಾ ಅಂತ ಒಂದು ಸಂಗ್ರಹಾಲಯ ಇದೆ. ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಬಹುದು. ನಾನು ವೈಎ-1 ಮುಂದೆ ತುಂಬಾ ಹೊತ್ತು ನಿಂತಿದ್ದೆ. ಆಗಿನ ಕಾಲದ ಗಾಡಿಗಳೆಲ್ಲ ಕಪ್ಪು ಕಪ್ಪು. ಇದು ಮಾತ್ರ ಕೆಂಪು ಮಿಶ್ರಿತ ಕಂದು. ಸಪೂರ ಮೈ. ಇಲ್ಲಿನ ಜನ ಅದನ್ನು "ಅಕಾ ತೊಂಬೊ" ಅಂತ ಕರೆದರು. ಕೆಂಪು ಏರೋಪ್ಲೇನ್ ಚಿಟ್ಟೆ ಅಂತ ಅರ್ಥ. ನಮ್ಮೂರ ಗದ್ದೆ ಬದುವಿನಲ್ಲಿ ಹಾರುತ್ತವಲ್ಲ, ಅದೇ. ಹಾಗೆ ಕರೆದದ್ದು ಯಾಕೆ ಅಂತ ಗಾಡಿ ಎದುರಿಗೆ ನಿಂತಾಗ ಗೊತ್ತಾಯಿತು.

ಮೂಡಿಗೆರೆಯ ಗೋಡೌನಿನಲ್ಲಿ ಇದರ ಮೊಮ್ಮಗ ಇದ್ದಾನೆ ಅಂದರೆ ಖುಷಿ ಆಗುತ್ತದೆ.

ನೀಲಿಹೊಗೆ

ನನ್ನ ಬಳಿ ಅಣ್ಣನ ಆರ್‌ಎಕ್ಸ್ 100 ಇದೆ. ಕಾಲೇಜಿಗೆ ಅದರಲ್ಲೇ ಹೋಗುತ್ತೇನೆ. ಆರ್‌ಡಿಯಲ್ಲಿ ರೀಡ್ ವಾಲ್ವ್ ಇದೆ, ಅದೇ ಅದರ ಜೀವ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಗಾಡಿಯಲ್ಲೂ ಇದೆಯಂತೆ. ಏನು ಅದು? ನನಗೆ ಅರ್ಥ ಆಗುವ ಹಾಗೆ ಯಾರಾದರೂ ಹೇಳುತ್ತೀರಾ?

ಎರಡುಸ್ಟ್ರೋಕ್

ಹೇಳುತ್ತೇನೆ ತಂಗಿ. ಕಥೆಯೂ ಅಲ್ಲಿಗೇ ಬಂದು ನಿಂತಿದೆ.

ಹಳೆಯ ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಗಾಳಿ ಒಳಗೆ ಬರುವ ಕಿಂಡಿಯನ್ನು ಪಿಸ್ಟನ್ನೇ ತೆರೆಯಬೇಕು, ಪಿಸ್ಟನ್ನೇ ಮುಚ್ಚಬೇಕು. ಪಿಸ್ಟನ್ ಮೇಲೆ ಹೋದಾಗ ಕೆಳಗಡೆ ಕ್ರ್ಯಾಂಕ್ ಪೆಟ್ಟಿಗೆಯಲ್ಲಿ ಎಳೆತ ಹುಟ್ಟಿ ಗಾಳಿ ಒಳಗೆ ಬರುತ್ತದೆ. ಕೆಳಗೆ ಬರುವಾಗ ಅದೇ ಗಾಳಿ ಒತ್ತಿಕೊಳ್ಳುತ್ತದೆ. ಕಿಂಡಿ ಪೂರ್ತಿ ಮುಚ್ಚುವಷ್ಟರಲ್ಲಿ ಸ್ವಲ್ಪ ಗಾಳಿ ಬಂದ ದಾರಿಯಲ್ಲೇ ವಾಪಸ್ ಕಾರ್ಬೊರೇಟರ್‌ಗೆ ಉಗುಳಿ ಹೋಗುತ್ತದೆ. ಇಂಜಿನ್ ಜೋರಾಗಿ ತಿರುಗುವಾಗ ಇದು ಗೊತ್ತಾಗುವುದಿಲ್ಲ. ನಿಧಾನ ಹೋಗುವಾಗ ಗಾಡಿ ಮುಕ್ಕರಿಸುತ್ತದೆ.

ರೀಡ್ ವಾಲ್ವ್ ಅಂದರೆ ಆ ದಾರಿಯಲ್ಲಿ ಇಟ್ಟ ತೆಳು ಎಲೆಗಳು. ಒಳಗಡೆಗೆ ಮಾತ್ರ ತೆರೆಯುವ ಬಾಗಿಲು ಇದ್ದ ಹಾಗೆ. ಎಳೆತ ಬಂದರೆ ತೆರೆಯುತ್ತವೆ, ಒತ್ತಡ ವಾಪಸ್ ಬಂದರೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಉಗುಳುವ ಭಯ ಇಲ್ಲದ್ದರಿಂದ ಕಿಂಡಿಯನ್ನು ಜಾಸ್ತಿ ಹೊತ್ತು ತೆರೆದಿಡಬಹುದು. ಹೆಚ್ಚು ಗಾಳಿ, ಹೆಚ್ಚು ಶಕ್ತಿ, ನಿಧಾನದಲ್ಲೂ ಒಳ್ಳೆಯ ಎಳೆತ. ಯಮಹಾ ಇದಕ್ಕೆ ಟಾರ್ಕ್ ಇಂಡಕ್ಷನ್ ಅಂತ ಹೆಸರಿಟ್ಟಿತು.

1970ರಲ್ಲಿ ಆರ್5 ಅಂತ 347 ಸಿಸಿ ಜೋಡಿ ಸಿಲಿಂಡರಿನ ಗಾಡಿ ಬಂದಿತ್ತು. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 64 ಮಿಮೀ. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 54 ಮಿಮೀ. ತುಂಬಾ ಒಳ್ಳೆಯ ಗಾಡಿ, ಆದರೆ ರೀಡ್ ಇರಲಿಲ್ಲ. 1973ರಲ್ಲಿ ಅದೇ ಅಳತೆಯ ಇಂಜಿನ್‌ಗೆ ರೀಡ್ ವಾಲ್ವ್, ಒಂದೊಂದು ಸಿಲಿಂಡರಿಗೂ 7 ಪೋರ್ಟ್ (ಗಾಳಿ, ಹೊಗೆ ಓಡಾಡುವ ಕಿಂಡಿ), ಆರು ಗೇರ್, ಮುಂದೆ ಡಿಸ್ಕ್ ಬ್ರೇಕ್ ಹಾಕಿ ಹೊರತಂದರು. ಅದೇ ಆರ್‌ಡಿ 350. ರೇಸ್‌ನಿಂದ ಬೆಳೆದದ್ದು ಅನ್ನುವ ಅರ್ಥದ ಎರಡು ಅಕ್ಷರ. 7,500 ಆರ್‌ಪಿಎಂಗೆ 39 ಹಾರ್ಸ್‌ಪವರ್. 350 ಸಿಸಿಯಲ್ಲಿ!

ಆಗ ಕವಾಸಾಕಿಯವರದು ಮೂರು ಸಿಲಿಂಡರಿನ ಟೂ ಸ್ಟ್ರೋಕ್ ಗಾಡಿಗಳು. 1969ರ 500 ಸಿಸಿ ಎಚ್1 ಅಂತೂ ನೇರ ರಸ್ತೆಯಲ್ಲಿ ರಾಕ್ಷಸ. ಆದರೆ ತಿರುವಿನಲ್ಲಿ ಎದೆ ಒಡೆಯುತ್ತಿತ್ತು. ಆರ್‌ಡಿ ಹಾಗಲ್ಲ. ಓಡುವುದು, ತಿರುಗುವುದು, ನಿಲ್ಲುವುದು, ಮೂರೂ ಒಂದಕ್ಕೊಂದು ಸರಿದೂಗುತ್ತಿದ್ದವು. ನನಗೆ ಅದೇ ಅದರ ದೊಡ್ಡತನ. ಶಕ್ತಿ ಆಮೇಲಿನ ಮಾತು.

ಅದೇ ಬೋರ್, ಅದೇ ಸ್ಟ್ರೋಕ್ ಇಟ್ಟುಕೊಂಡು ನೀರಿನಿಂದ ತಂಪು ಮಾಡುವ ರೇಸ್ ಗಾಡಿಯೂ ಅದೇ ವರ್ಷ ಬಂತು, ಟಿಝಡ್ 350. 1973ರ ಮಾರ್ಚ್‌ನಲ್ಲಿ ಅಮೆರಿಕದ ಡೇಟೋನಾ 200 ರೇಸ್. ಸುತ್ತಲೂ 750 ಸಿಸಿ ಗಾಡಿಗಳು. ಫಿನ್‌ಲೆಂಡಿನ ಯಾರ್ನೊ ಸಾರಿನೆನ್ 350 ಸಿಸಿ ಯಮಹಾದಲ್ಲಿ ಬಂದು ಗೆದ್ದುಬಿಟ್ಟರು. ಹಿಂದಿನ ವರ್ಷ 250 ಸಿಸಿಯಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು. ಎರಡೇ ತಿಂಗಳಿಗೆ, ಮೇ 20ರಂದು, ಇಟಲಿಯ ಮೊಂಜಾದಲ್ಲಿ ಅಪಘಾತವಾಗಿ ತೀರಿಕೊಂಡರು. ಅದೇ ಅಪಘಾತದಲ್ಲಿ ರೆಂಜೊ ಪಸೊಲಿನಿ ಕೂಡ ಹೋದರು. ಸಾರಿನೆನ್ ಅವರಿಗೆ ಇನ್ನೂ 27 ವರ್ಷ. ಆರ್‌ಡಿಯ ಕಥೆ ಹೇಳುವಾಗ ಅವರ ಹೆಸರು ಬಿಡಬಾರದು ಅಂತ ನನಗೆ ಅನಿಸುತ್ತದೆ.

ಲೇತ್_ಮೇಸ್ತ್ರಿ

ನಮಸ್ಕಾರ್ರೀ. ನಾನು ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷದಿಂದ ಕ್ರ್ಯಾಂಕ್ ಕೆಲಸ ಮಾಡುತ್ತಿದ್ದೇನೆ. ಕಥೆ ಎರಡುಸ್ಟ್ರೋಕ್ ಸರ್ ಚೆನ್ನಾಗಿ ಹೇಳುತ್ತಿದ್ದಾರೆ. ನಾನು ಗಾಡಿಯ ಬಗ್ಗೆ ಹೇಳುತ್ತೇನೆ.

ಮೂಡಿಗೆರೆ ತಮ್ಮಾ, ಬಲಗಡೆ ಪ್ಲಗ್ ಕಪ್ಪಾಗುತ್ತಿತ್ತು ಅಂದೆಯಲ್ಲ. ನನಗೆ ಮೊದಲ ಅನುಮಾನ ಕ್ರ್ಯಾಂಕ್ ಆಯಿಲ್ ಸೀಲ್ ಮೇಲೆ. ಆರ್‌ಡಿಯಲ್ಲಿ ಬಲಗಡೆ ಕ್ಲಚ್, ಅಲ್ಲಿ ಗೇರ್ ಆಯಿಲ್ ಇರುತ್ತದೆ. ಆ ಸೀಲ್ ಹೋದರೆ ಇಂಜಿನ್ ಗೇರ್ ಆಯಿಲ್ ಕುಡಿಯುತ್ತದೆ. ಬಲ ಸೈಲೆನ್ಸರಿನಲ್ಲಿ ಬಿಳಿ ಹೊಗೆ, ಬಲ ಪ್ಲಗ್ ಕಪ್ಪು, ಗೇರ್ ಬಾಕ್ಸ್‌ನಲ್ಲಿ ಆಯಿಲ್ ಕಮ್ಮಿ. ಎಡಗಡೆ ಸೀಲ್ ಹೋದರೆ ಇನ್ನೂ ಕೆಟ್ಟದ್ದು. ಅಲ್ಲಿಂದ ಬರೀ ಗಾಳಿ ಎಳೆಯುತ್ತದೆ, ಪೆಟ್ರೋಲ್ ಸಾಲುವುದಿಲ್ಲ, ಬಿಸಿ ಏರಿ ಪಿಸ್ಟನ್ ಜಾಮ್ ಆಗುತ್ತದೆ. ಹೊಗೆ ಬಂದರೆ ನಾವು ಎಚ್ಚರ ಆಗುತ್ತೇವೆ. ಗಾಳಿ ಎಳೆಯುವುದು ಕಣ್ಣಿಗೆ ಕಾಣುವುದಿಲ್ಲ.

ಇಂಜಿನ್ ಹೇಗೂ ಬಿಚ್ಚಬೇಕು. ಎಲ್ಲಾ ಸೀಲ್ ಬದಲಾಯಿಸು. ಕ್ರ್ಯಾಂಕ್ ತುಂಡು ತುಂಡಾಗಿ ಪ್ರೆಸ್ ಮಾಡಿ ಕೂಡಿಸಿದ್ದು, ಒಂದೇ ಉಕ್ಕಿನಲ್ಲಿ ಮಾಡಿದ್ದಲ್ಲ. ಕೂಡಿಸಿದ ಮೇಲೆ ಡಯಲ್ ಹಚ್ಚಿ ನೇರ ಮಾಡಬೇಕು. ಸುತ್ತಿಗೆಯಿಂದ ಬಡಿದು "ಆಯ್ತು ಬಿಡ್ರೀ" ಅನ್ನುವವರ ಕೈಗೆ ಕೊಡಬೇಡ.

ಮೈಸೂರು_ಯೆಜ್ಡಿ

ನಾನೂ ಒಂದು ಮಾತು ಸೇರಿಸುತ್ತೇನೆ. ನಮ್ಮಪ್ಪ ಮೈಸೂರಿನ ಐಡಿಯಲ್ ಜಾವಾದಲ್ಲಿ ಕೆಲಸ ಮಾಡಿದವರು. ಯಾದವಗಿರಿಯ ಆ ಫ್ಯಾಕ್ಟರಿಯ ಸೈರನ್ ಕೇಳಿಯೇ ನಾವು ಗಂಟೆ ಹೇಳುತ್ತಿದ್ದೆವು. ಹಾಗಾಗಿ ನಾನು ಯೆಜ್ಡಿ ಪಕ್ಷ, ಮೊದಲೇ ಹೇಳಿಬಿಡುತ್ತೇನೆ.

1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾದಿಂದ ಲೈಸೆನ್ಸ್ ಪಡೆದು ಫರೀದಾಬಾದಿನಲ್ಲಿ ಆರ್‌ಡಿ 350 ಮಾಡಲು ಶುರು ಮಾಡಿತು. ಜಪಾನಿನ 1975ರ ಆರ್‌ಡಿ 350ಬಿ ಅದಕ್ಕೆ ಮೂಲ. ಅವರ ರಾಜದೂತ್ 175 ಆಗಲೇ ಹಳ್ಳಿ ಹಳ್ಳಿಯಲ್ಲೂ ಹಾಲಿನ ಕ್ಯಾನ್ ಹೊತ್ತು ಓಡಾಡುತ್ತಿತ್ತು. ಅದು ಪೋಲೆಂಡಿನ ಗಾಡಿಯಿಂದ ಬಂದದ್ದು. ಅದೇ ಹೆಸರನ್ನು ಇದಕ್ಕೂ ಇಟ್ಟರು. ಹೆಸರು ಒಂದೇ, ಗಾಡಿಗಳ ಗುಣ ಮಾತ್ರ ಆಕಾಶ ಭೂಮಿ.

ಆಗ ನಮ್ಮ ಮೈಸೂರಿನಿಂದಲೂ ಜೋಡಿ ಸಿಲಿಂಡರಿನ 350 ಬಂತು, ಯೆಜ್ಡಿ 350 ಟ್ವಿನ್. ಚೆಕ್ ದೇಶದ ಜಾವಾ ಮೂಲದ್ದು. ನಾಲ್ಕು ಗೇರ್. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ! ಕಿಕ್ ಹೊಡೆದು ಮುಂದಕ್ಕೆ ಮಡಚಿದರೆ ಅದೇ ಗೇರ್ ಆಗುತ್ತದೆ. ಓಟದಲ್ಲಿ ಆರ್‌ಡಿ ಮುಂದೆ ನಿಲ್ಲುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಅಪ್ಪ ಹೇಳುತ್ತಿದ್ದ ಮಾತು: "ನಮ್ಮ ಗಾಡಿ ಎಲ್ಲಿ ಕೆಟ್ಟು ನಿಂತರೂ ಅಲ್ಲಿನ ಮೇಸ್ತ್ರಿಗೆ ಗೊತ್ತಾಗುತ್ತದೆ. ಅವರದು ಕೆಟ್ಟರೆ ಗೊತ್ತಿರುವವನನ್ನು ಹುಡುಕಿಕೊಂಡು ಹೋಗಬೇಕು."

ಕೊನೆಗೆ ಎರಡೂ ನಿಂತವು. ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಎರಡಕ್ಕೂ ಗಿರಾಕಿ ಇರಲಿಲ್ಲ.

ಕರಾವಳಿ_ರೈಡರ್

ಗಿರಾಕಿ ಯಾಕೆ ಇರಲಿಲ್ಲ ಅಂತ ನಾನು ಹೇಳುತ್ತೇನೆ. ಪೆಟ್ರೋಲ್! ನಾನು 1995ರಲ್ಲಿ ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಎಲ್‌ಟಿ ತಗೊಂಡೆ. ಸಂಬಳ ಬಂದ ಮೊದಲ ವಾರ ಗಾಡಿ, ಉಳಿದ ಮೂರು ವಾರ ಸಿಟಿ ಬಸ್ಸು. ಗಾಡಿ ಬಿಸಿಲಿಗೆ ಒಣಗುತ್ತಾ ನಿಂತಿರುತ್ತಿತ್ತು.

ಎಂಬತ್ತರ ದಶಕದ ಮಧ್ಯದಲ್ಲಿ ಏನೇನು ಬಂತು ನೋಡಿ. ಇಂಡ್ ಸುಜುಕಿ, ಹೀರೋ ಹೋಂಡಾ ಸಿಡಿ 100, ಆರ್‌ಎಕ್ಸ್ 100, ಆಮೇಲೆ ಕವಾಸಾಕಿ ಬಜಾಜ್. ಎಲ್ಲವೂ 100 ಸಿಸಿ. ಜನಕ್ಕೆ ಮೈಲೇಜ್ ಬೇಕಿತ್ತು. ಬುಲೆಟ್‌ಗಿಂತ ಜಾಸ್ತಿ ದುಡ್ಡು ಕೊಟ್ಟು, ಅದಕ್ಕಿಂತ ಜಾಸ್ತಿ ಪೆಟ್ರೋಲ್ ಹಾಕಿ ಆರ್‌ಡಿ ಯಾರು ತಗೊಳ್ಳುತ್ತಾರೆ?

ಇನ್ನೊಂದು ಬ್ರೇಕ್. ಒಮ್ಮೆ ಚಾರ್ಮಾಡಿ ಇಳಿಯುತ್ತಿದ್ದೆ. ಮೂರು ತಿರುವು ಆದ ಮೇಲೆ ಮುಂದಿನ ಬ್ರೇಕ್ ಲಿವರ್ ಹ್ಯಾಂಡಲ್‌ಗೆ ತಾಗುವ ತನಕ ಬಂತು. ಬಿಸಿಯಾಗಿ ಹಿಡಿತ ಬಿಟ್ಟಿತ್ತು. ಗೇರ್ ಇಳಿಸೋಣ ಅಂದರೆ ಟೂ ಸ್ಟ್ರೋಕ್, ಇಂಜಿನ್ ಬ್ರೇಕ್ ಸಿಗುವುದೇ ಇಲ್ಲ. ಎದುರಿಗೆ ಮರದ ಲಾರಿ. ಒಳಗಿನ ಚರಂಡಿಗೆ ಹಾಕಿ ನಿಲ್ಲಿಸಿದೆ. ಕಾಲರ್ ಬೋನ್ ಮುರಿಯಿತು. ಬಿಚ್ಚಿ ನೋಡಿದರೆ ನನಗೆ ಮಾರಿದವರು ಬ್ರೇಕ್ ಲೈನರ್ ಬದಲಾಯಿಸಿ ಎಷ್ಟು ವರ್ಷ ಆಗಿತ್ತೋ. ತಗೊಳ್ಳುವಾಗ ನೋಡದೇ ಇದ್ದದ್ದು ನನ್ನದೇ ತಪ್ಪು. ಆದರೂ ಒಂದು ಮಾತು ಹೇಳುತ್ತೇನೆ, ಆ ಇಂಜಿನ್‌ಗೆ ಆ ಬ್ರೇಕ್ ಸಾಲದು.

ಎರಡುಸ್ಟ್ರೋಕ್

ಕರಾವಳಿ ಅಣ್ಣ ಹೇಳಿದ್ದು ನಿಜ. ಎದೆ ನೋವಾಗುವ ನಿಜ.

ಜಪಾನಿನ ಆರ್‌ಡಿಗೆ ಮುಂದೆ ಡಿಸ್ಕ್ ಇತ್ತು. ನಮ್ಮಲ್ಲಿ ಅದನ್ನು ತೆಗೆದು 7 ಇಂಚಿನ ಡ್ರಮ್ ಬ್ರೇಕ್ ಹಾಕಿದರು. ಎರಡು ಲೀಡಿಂಗ್ ಶೂ (ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಪಟ್ಟಿ) ಇರುವ ಡ್ರಮ್, ಹಳೆಯ ಯಮಹಾಗಳಲ್ಲಿ ಇದ್ದ ರೀತಿಯದು. ಚೆನ್ನಾಗಿ ಇಟ್ಟುಕೊಂಡರೆ ಕೆಟ್ಟದ್ದಲ್ಲ. ಆದರೆ 1973ರಲ್ಲಿ ಈ ಇಂಜಿನ್ ಮಾಡಿದವರು ಡಿಸ್ಕ್ ಹಾಕಿದ್ದು ಅಲಂಕಾರಕ್ಕಲ್ಲ. ಬಸ್ಸು, ಲಾರಿ, ದನ, ಗುಂಡಿ ಇರುವ ನಮ್ಮ ರಸ್ತೆಗೆ, ರಾಜದೂತ್ 175, ಬುಲೆಟ್, ಸ್ಕೂಟರ್ ಓಡಿಸಿ ಅಭ್ಯಾಸ ಇದ್ದವರ ಕೈಗೆ ಈ ಗಾಡಿ ಬಂತು. ಸುಮಾರು 5,000 ಆರ್‌ಪಿಎಂ ದಾಟಿದರೆ ಸಾಕು, ಗಾಡಿ ಬೇರೆಯೇ ಆಗುತ್ತದೆ. ಯಾರೋ ಹಿಂದಿನಿಂದ ತಳ್ಳಿದ ಹಾಗೆ. ಆರ್‌ಡಿ ಅಂದರೆ ಬೇಗ ಸಾಯುವ ದಾರಿ ಅಂತ ಜನ ಹೆಸರು ಇಟ್ಟರು. ಎಷ್ಟೋ ಮನೆಗಳಲ್ಲಿ ಅಮ್ಮಂದಿರು ಈ ಗಾಡಿ ಬೇಡ ಅಂತ ಹಟ ಹಿಡಿದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಈಗ ಎಚ್‌ಟಿ, ಎಲ್‌ಟಿ. ಮೊದಲು ಬಂದದ್ದು ಹೈ ಟಾರ್ಕ್, 30.5 ಹಾರ್ಸ್‌ಪವರ್. ಜಪಾನಿನ 39ಕ್ಕಿಂತ ಆಗಲೇ ಕಮ್ಮಿ ಮಾಡಿದ್ದರು. ಆದರೂ ಮೈಲೇಜ್ ಬಗ್ಗೆ ದೂರು ನಿಲ್ಲಲಿಲ್ಲ. ಹಾಗಾಗಿ 1985ರ ಹೊತ್ತಿಗೆ ಬ್ಲಾಕಿನ (ಸಿಲಿಂಡರಿನ) ಪೋರ್ಟ್, ಸೈಲೆನ್ಸರ್ ಎಲ್ಲಾ ಬದಲಾಯಿಸಿ ಲೋ ಟಾರ್ಕ್ ತಂದರು, 27 ಹಾರ್ಸ್‌ಪವರ್. ಮೈಲೇಜ್ ಸ್ವಲ್ಪ ಸುಧಾರಿಸಿತು. ಆದರೆ ಮೈಲೇಜ್ ಬೇಕಾದವರು 100 ಸಿಸಿ ತಗೊಂಡರು. ಓಟ ಬೇಕಾದವರು ಹಳೆಯ ಎಚ್‌ಟಿಯನ್ನೇ ಹುಡುಕಿದರು. ಎಲ್‌ಟಿಯನ್ನು ಮನಸಾರೆ ಬಯಸಿದವರು ಕಮ್ಮಿ. 1989ರ ಹೊತ್ತಿಗೆ ಮಾಡುವುದನ್ನೇ ನಿಲ್ಲಿಸಿದರು.

ಅಲ್ಲಿ ಜಪಾನಿನಲ್ಲಿ ಕಥೆ ಯಾವತ್ತೋ ಮುಂದೆ ಹೋಗಿತ್ತು. 1976ರಲ್ಲಿ ಆರ್‌ಡಿ 400 ಬಂತು. ಅಮೆರಿಕದಲ್ಲಿ ಹೊಗೆಯ ನಿಯಮ ಬಿಗಿಯಾಗಿ, 1979ರ ಡೇಟೋನಾ ಸ್ಪೆಷಲ್‌ಗೆ ಗಾಳಿಯಿಂದ ತಂಪಾಗುವ ಆರ್‌ಡಿಗಳ ಸಾಲು ಮುಗಿಯಿತು. ಎಲ್ಲರೂ ಟೂ ಸ್ಟ್ರೋಕ್ ಕಥೆ ಮುಗಿಯಿತು ಅಂದುಕೊಂಡಾಗ 1980ರಲ್ಲಿ ನೀರಿನಿಂದ ತಂಪಾಗುವ ಎಲ್‌ಸಿ ಬಂತು. 250 ಮತ್ತು 350, ಎರಡೂ. ಹಿಂದೆ ಒಂದೇ ಶಾಕ್ ಅಬ್ಸಾರ್ಬರ್. ಇಂಗ್ಲೆಂಡಿನಲ್ಲಿ ಬರೀ 350 ಎಲ್‌ಸಿ ಗಾಡಿಗಳಿಂದಲೇ ಪ್ರೊ-ಆಮ್ ಅಂತ ರೇಸ್ ನಡೆಸಿದರು. ಎಲ್ಲಾ ಗಾಡಿಯೂ ಒಂದೇ. ಯಾವ ಗಾಡಿ ಯಾರಿಗೆ ಅಂತ ಟೋಪಿಯೊಳಗಿನಿಂದ ಬೀಗದ ಕೈ ಎತ್ತಿ ತೀರ್ಮಾನ ಮಾಡುತ್ತಿದ್ದರು! 1983ರಲ್ಲಿ, ಅಂದರೆ ಫರೀದಾಬಾದಿನಿಂದ ನಮ್ಮ ಗಾಡಿ ಹೊರಬಂದ ವರ್ಷವೇ, ಅಲ್ಲಿ ವೈಪಿವಿಎಸ್ ಬಂತು. ಸೈಲೆನ್ಸರ್ ಕಡೆಯ ಪೋರ್ಟ್‌ನಲ್ಲಿ ಒಂದು ವಾಲ್ವ್ ತಿರುಗುತ್ತಾ, ವೇಗಕ್ಕೆ ತಕ್ಕ ಹಾಗೆ ಪೋರ್ಟಿನ ಎತ್ತರವನ್ನು ಬದಲಾಯಿಸುತ್ತದೆ. ನಿಧಾನಕ್ಕೂ ಜೋರಿಗೂ ಒಂದೇ ಇಂಜಿನ್ ಹೊಂದುತ್ತದೆ. ನಮಗೆ ಬಂದದ್ದು ಹತ್ತು ವರ್ಷ ಹಳೆಯ ವಿನ್ಯಾಸ. ಆದರೆ ಆ ಹಳೆಯದ್ದೇ ನಮ್ಮ ರಸ್ತೆಯ ಎಲ್ಲಾ ಗಾಡಿಗಳಿಗಿಂತ ಮುಂದಿತ್ತು.

ತಮ್ಮಾ, ನಿನ್ನ ಗಾಡಿ 1984ರದ್ದು. ಹಾಗಾಗಿ ಎಚ್‌ಟಿ ಇರಬೇಕು. ಆದರೆ ಇಷ್ಟು ವರ್ಷದಲ್ಲಿ ಯಾವ ಗಾಡಿಗೆ ಯಾವುದರ ಭಾಗ ಸೇರಿದೆಯೋ ಹೇಳಲಾಗದು. ಆರ್‌ಸಿ ನಂಬಬೇಡ. ಬ್ಲಾಕ್ ಬಿಚ್ಚಿ ಪೋರ್ಟ್ ಅಳೆದು ನೋಡು.

ನೀಲಿಹೊಗೆ

ಹಾಗಾದರೆ ನನ್ನ ಆರ್‌ಎಕ್ಸ್ 100 ಈ ಆರ್‌ಡಿಗೆ ತಮ್ಮ ಅಂತಾಯಿತು ಅಲ್ವಾ? 1985ರಲ್ಲಿ ಅದೇ ಎಸ್ಕಾರ್ಟ್ಸ್, ಅದೇ ಯಮಹಾ, ಅದೇ ರೀಡ್ ವಾಲ್ವ್. 98 ಸಿಸಿ, 11 ಹಾರ್ಸ್‌ಪವರ್. ಆದರೆ ಇದು ಗೆದ್ದಿತು. ನಮ್ಮ ಬೀದಿಯಲ್ಲಿ ಇವತ್ತಿಗೂ ನಾಲ್ಕು ಓಡುತ್ತಿವೆ.

ಎರಡುಸ್ಟ್ರೋಕ್

ಸರಿಯಾಗಿ ಹೇಳಿದೆ ತಂಗಿ. ಗಾಡಿ ಹಗುರ, ಶಕ್ತಿ ಅದಕ್ಕೆ ತಕ್ಕಷ್ಟು, ಬ್ರೇಕ್ ಅದಕ್ಕೆ ಸಾಕಾಗುವಷ್ಟು. ಎಲ್ಲಾ ಒಂದಕ್ಕೊಂದು ಹೊಂದಿಕೊಂಡಿತ್ತು. 1996ರ ತನಕ ಮಾಡಿದರು. ರೀಡ್ ಎಲೆಯ ತುದಿ ಸೀಳಿದೆಯಾ ಅಂತ ವರ್ಷಕ್ಕೊಮ್ಮೆ ನೋಡಿಸು.

ಮೂಡಿಗೆರೆ_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೂ ಅತ್ತೆಗೂ ಪೂರ್ತಿ ಓದಿ ಹೇಳಿದೆ. ಸಾರಿನೆನ್ ವಿಷಯ ಬಂದಾಗ ಅತ್ತೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಆಯಿಲ್ ಬಿಟ್ಟು ಎರಡು ದಿನ ಆದ ಮೇಲೆ ತಿರುಗಿಸಿದೆ. ತಿರುಗಿತು! ಜಾಮ್ ಆಗಿಲ್ಲ. ಮುಂದಿನ ವಾರ ಇಂಜಿನ್ ಇಳಿಸುತ್ತೇವೆ.

ಒಂದು ಪ್ರಶ್ನೆ. ಬ್ರೇಕ್ ಬಗ್ಗೆ ಓದಿ ಭಯ ಆಯಿತು. ಮುಂದೆ ಡಿಸ್ಕ್ ಹಾಕಿಸಲಾ? ಹಾಗೆ ಮಾಡಿದರೆ ಮಾವನ ಗಾಡಿಯ ಒರಿಜಿನಲ್ ಹಾಳಾಗುತ್ತದಾ?

ಎರಡುಸ್ಟ್ರೋಕ್

ಹಾಕಿಸು. ಆರ್‌ಡಿ ಹುಟ್ಟಿದ್ದೇ ಡಿಸ್ಕ್ ಜೊತೆಗೆ. ಅದನ್ನು ವಾಪಸ್ ಕೊಟ್ಟರೆ ಏನೂ ಹಾಳಾಗುವುದಿಲ್ಲ.

ಮೈಸೂರು_ಯೆಜ್ಡಿ

ನಾನು ಒಪ್ಪುವುದಿಲ್ಲ ಸರ್. ಅವರ ಗಾಡಿ 1973ರ ಇವಾಟಾದ್ದಲ್ಲ, 1984ರ ಫರೀದಾಬಾದಿನದು. ಆ ಡ್ರಮ್ ಕೂಡ ನಮ್ಮ ದೇಶದ ಕಥೆಯೇ. ಅಂಥ ಡ್ರಮ್ ಇಟ್ಟುಕೊಂಡೇ ಹತ್ತಿಪ್ಪತ್ತು ವರ್ಷ ಓಡಿಸಿದವರಿದ್ದಾರೆ. ಅವರ ಮಾವನೂ ಅದರಲ್ಲೇ ಓಡಿಸಿದ್ದು.

ಲೇತ್_ಮೇಸ್ತ್ರಿ

ಇಬ್ಬರೂ ತಡೀರಿ. ಆ ಡ್ರಮ್ ನಿಲ್ಲುತ್ತದೆ, ಆದರೆ ಹೊಂದಿಸುವವರಿಗೆ ಗೊತ್ತಿರಬೇಕು. ಎರಡು ಶೂ, ಎರಡು ಲಿವರ್, ನಡುವೆ ಒಂದು ರಾಡ್. ಆ ರಾಡ್ ಉದ್ದ ತಪ್ಪಿದರೆ ಒಂದೇ ಶೂ ಹಿಡಿಯುತ್ತದೆ, ಇನ್ನೊಂದು ಸುಮ್ಮನೆ ಕೂತಿರುತ್ತದೆ. ಹತ್ತರಲ್ಲಿ ಎಂಟು ಗಾಡಿಯಲ್ಲಿ ನಾನು ನೋಡಿದ್ದು ಇದೇ. ಡ್ರಮ್ ಲೇತ್‌ಗೆ ಕೊಟ್ಟು ಸಮ ಮಾಡಿಸು. ಹೊಸ ಲೈನರ್ ಹಾಕಿ, ಶೂವನ್ನು ಡ್ರಮ್ಮಿನ ದುಂಡನೆಯ ಒಳಮೈಗೆ ಸರಿಯಾಗಿ ತೀಡಿಸು. ರಾಡ್ ಹೊಂದಿಸುವಾಗ ಎರಡೂ ಶೂ ಒಟ್ಟಿಗೇ ತಾಗಬೇಕು. ಅಷ್ಟು ಮಾಡಿ ಒಂದು ಸಾವಿರ ಕಿಲೋಮೀಟರ್ ಓಡಿಸು. ಆಮೇಲೂ ಧೈರ್ಯ ಬರದಿದ್ದರೆ ಡಿಸ್ಕ್ ಹಾಕಿಸು. ಬಿಚ್ಚಿದ ಡ್ರಮ್ ಮಾತ್ರ ಗುಜರಿಗೆ ಹಾಕಬೇಡ.

ಕರಾವಳಿ_ರೈಡರ್

ಘಾಟಿ ಇಳಿಯುವವರು ಡಿಸ್ಕ್ ಹಾಕಿಸಿಕೊಳ್ಳಿ. ನನ್ನ ಮಾತು ಇಷ್ಟೇ. ಮೂಡಿಗೆರೆಯಿಂದ ಯಾವ ಕಡೆ ಹೊರಟರೂ ಇಳಿಜಾರು ಇದ್ದೇ ಇದೆ.

ಮೂಡಿಗೆರೆ_ಹುಡುಗ

ಹನ್ನೊಂದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಇಂಜಿನ್ ಬಿಚ್ಚಿದೆವು.

ಮೇಸ್ತ್ರಿ ಅಣ್ಣಾ, ನೀವು ಹೇಳಿದ ಬಲಗಡೆ ಸೀಲ್ ಮೊದಲು ನೋಡಿದೆವು. ವಯಸ್ಸಾಗಿ ಗಟ್ಟಿಯಾಗಿದೆ, ಆದರೆ ಅದರ ಹಿಂದೆ ಗೇರ್ ಆಯಿಲ್ ಬಂದ ಗುರುತು ಇಲ್ಲ. ಬಲಗಡೆ ಕಾರ್ಬೊರೇಟರ್ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು) ಕೂಡ ಎಡಗಡೆಯ ನಂಬರ್‌ದ್ದೇ. ಎಲ್ಲಾ ಸರಿ ಇದೆ, ಹಾಗಾದರೆ ಬರೀ ಬಲಗಡೆ ಪ್ಲಗ್ ಯಾಕೆ ಕಪ್ಪಾಗುತ್ತಿತ್ತು ಅಂತ ಊರಿನ ಮೇಸ್ತ್ರಿಗೂ ತಲೆ ಕೆಟ್ಟಿತು.

ಆಮೇಲೆ ಎರಡುಸ್ಟ್ರೋಕ್ ಸರ್ ಹೇಳಿದ್ದು ನೆನಪಾಗಿ ಎರಡೂ ಬ್ಲಾಕ್ ಪಕ್ಕ ಪಕ್ಕ ಇಟ್ಟೆ. ವರ್ನಿಯರ್ ಹಿಡಿದು ಸೈಲೆನ್ಸರ್ ಕಡೆಯ ಪೋರ್ಟ್ ಅಳೆದೆ. ಎರಡೂ ಒಂದೇ ಅಲ್ಲ! ಎಡಗಡೆಯದು ದೊಡ್ಡದು, ಬಲಗಡೆಯದು ಚಿಕ್ಕದು. ತಪ್ಪಾಗಿ ಅಳೆದೆನೇನೋ ಅಂತ ಮೂರು ಸಲ ಅಳೆದೆ.

ಅತ್ತೆಗೆ ಕೇಳಿದೆ. 1992ರಲ್ಲೋ 93ರಲ್ಲೋ ಬಾಳೂರಿನ ಹತ್ತಿರ ಗಾಡಿ ಜಾಮ್ ಆಗಿತ್ತಂತೆ. ಮಾವ ಬ್ಲಾಕನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದರಂತೆ. ಅಲ್ಲಿ ಒಂದು ಅಂಗಡಿಯಲ್ಲಿ "ಇದೂ ಅದೇ, ಹಾಕಿ ನೋಡಿ" ಅಂತ ಬೇರೆ ಬ್ಲಾಕ್ ಕೊಟ್ಟಿದ್ದರಂತೆ. ಅತ್ತೆಗೆ ಗೋಣಿಚೀಲ ಯಾಕೆ ನೆನಪಿದೆ ಅಂದರೆ, ಅದರ ಆಯಿಲ್ ಸೋರಿ ಮಾವನ ಬಿಳಿ ಅಂಗಿಗೆಲ್ಲ ಹತ್ತಿತ್ತು. ಪ್ಲಗ್ ತೊಂದರೆ ಶುರುವಾದದ್ದು ಅದಾದ ಮೇಲೆಯೇ ಅಂತ ಅತ್ತೆಯೇ ಹೇಳಿದರು.

ಹತ್ತು ವರ್ಷ ಮಾವ ಎಡಗಡೆ ಎಚ್‌ಟಿ, ಬಲಗಡೆ ಎಲ್‌ಟಿ ಓಡಿಸಿದ್ದಾರೆ.

ಎರಡುಸ್ಟ್ರೋಕ್

ಅಯ್ಯೋ ತಮ್ಮಾ. ಎಡಗಡೆಗೆ ಲೆಕ್ಕ ಹಾಕಿದ ಪೆಟ್ರೋಲನ್ನೇ ಬಲಗಡೆಗೂ ಕೊಟ್ಟಿದ್ದಾರೆ. ಚಿಕ್ಕ ಪೋರ್ಟಿನ ಬ್ಲಾಕ್‌ಗೆ ಅಷ್ಟು ಪೆಟ್ರೋಲ್ ಜಾಸ್ತಿ. ಪೂರ್ತಿ ಉರಿಯದೆ ಪ್ಲಗ್ ಮೇಲೆ ಮಸಿಯಾಗಿ ಕೂತಿದೆ. ಎಷ್ಟು ಪ್ಲಗ್ ಬದಲಾಯಿಸಿದರೂ ಸರಿಯಾಗುತ್ತಿರಲಿಲ್ಲ. ನಿನ್ನ ಮಾವನ ಕೈ ತಪ್ಪು ಏನೂ ಇರಲಿಲ್ಲ ಅಂತ ನಿನ್ನ ಅತ್ತೆಗೆ ಹೇಳು.

ಈಗ ಎರಡೂ ಒಂದೇ ಜಾತಿ ಆಗಬೇಕು. ಎರಡೂ ಎಚ್‌ಟಿ ಅಥವಾ ಎರಡೂ ಎಲ್‌ಟಿ. ಬಲಗಡೆಯದನ್ನು ಗ್ರೈಂಡರ್ ಹಿಡಿದು ದೊಡ್ಡದು ಮಾಡುತ್ತೇನೆ ಅಂತ ಯಾರಾದರೂ ಬಂದರೆ ಬ್ಲಾಕ್ ಮುಟ್ಟಲು ಬಿಡಬೇಡ.

ಲೇತ್_ಮೇಸ್ತ್ರಿ

ನನ್ನ ಅಟ್ಟದಲ್ಲಿ ಒಂದು ಜೊತೆ ಎಚ್‌ಟಿ ಬ್ಲಾಕ್ ಇದೆ. ಎಡಗಡೆಯದಕ್ಕೆ ಎರಡು ಫಿನ್ (ತಂಪು ಮಾಡುವ ರೆಕ್ಕೆ) ಮುರಿದಿವೆ. ಬಲಗಡೆಯದು ಚೆನ್ನಾಗಿದೆ, ಒಂದು ಬೋರ್ ಮಾಡಿಸಿದರೆ ಸಾಕು. ಹನ್ನೆರಡು ವರ್ಷದಿಂದ ಕೊಬ್ಬರಿ ಎಣ್ಣೆ ಹಚ್ಚಿ ಗೋಣಿಯಲ್ಲೇ ಸುತ್ತಿಟ್ಟಿದ್ದೇನೆ. ಯಾರಿಗಾದರೂ ಬೇಕಾಗುತ್ತದೆ ಅಂತ.

ನಿನ್ನ ಎಡಗಡೆ ಬ್ಲಾಕ್, ಎರಡೂ ಪಿಸ್ಟನ್, ಕ್ರ್ಯಾಂಕ್ ತಗೊಂಡು ಹುಬ್ಬಳ್ಳಿಗೆ ಬಾ. ಎರಡೂ ಬೋರ್ ಒಂದೇ ಅಳತೆಗೆ ಮಾಡಿಕೊಡುತ್ತೇನೆ. ಬ್ಲಾಕ್‌ಗೆ ದುಡ್ಡು ಬೇಡ. ಭಾನುವಾರ ಲೇತ್ ರಜೆ, ಆದರೆ ನಾನು ಇರುತ್ತೇನೆ.

ಮೂಡಿಗೆರೆ_ಹುಡುಗ

ಶನಿವಾರ ರಾತ್ರಿ ಬಸ್ಸಿಗೆ ಸೀಟ್ ಬುಕ್ ಮಾಡಿದೆ ಅಣ್ಣಾ. ಬ್ಲಾಕ್ ಕಟ್ಟೋಕೆ ಅಂತ ಅತ್ತೆ ಒಂದು ಹೊಸ ಗೋಣಿಚೀಲ ಕೊಟ್ಟು ಕಳಿಸಿದ್ದಾರೆ. ಜೊತೆಗೆ ನಿಮಗೆ ಎರಡು ಕೆಜಿ ಕಾಫಿ ಪುಡಿ.